ಗೋಡೆ ಒಡೆಯುವುದನ್ನು ತೋರಿಸುತ್ತಾರೆ, ಲೆಕ್ಕ ತೋರಿಸುವುದಿಲ್ಲ

ಮನೆ ನವೀಕರಣದ ಟಿವಿ ಕಾರ್ಯಕ್ರಮಗಳನ್ನು ನಾಲ್ಕು ಸಲ ನೋಡಿದವರಿಗೆ ಐದನೆಯದು ಹೇಗಿರುತ್ತದೆಂದು ಯಾರೂ ಹೇಳಬೇಕಾಗಿಲ್ಲ. ಹಳೆಯ ಅಡುಗೆಮನೆ ಕತ್ತಲೆ, ಇಕ್ಕಟ್ಟು ಎಂದು ದಂಪತಿ ಗೊಣಗುತ್ತಾರೆ. ನಿರೂಪಕರು ಬಂದು ಕಂಪ್ಯೂಟರಿನಲ್ಲಿ ಹೊಸ ಮನೆಯ ಚಿತ್ರ ತೋರಿಸುತ್ತಾರೆ. ಎಲ್ಲರೂ ದೊಡ್ಡ ಸುತ್ತಿಗೆ ಹಿಡಿದು ನಗುನಗುತ್ತ ಗೋಡೆ ಒಡೆಯುತ್ತಾರೆ. ಅರ್ಧ ದಾರಿಯಲ್ಲಿ ಒಂದು ಆಘಾತ: ಗೋಡೆಯೊಳಗೆ ಬೂಷ್ಟು ಹಿಡಿದಿದೆ, ವೈರಿಂಗ್ ಎಪ್ಪತ್ತು ವರ್ಷ ಹಳೆಯದು, ಇಲ್ಲವೇ ತೆಗೆಯಬೇಕೆಂದಿದ್ದ ಗೋಡೆಯೇ ಮೇಲ್ಮಹಡಿಯ ಭಾರ ಹೊತ್ತಿದೆ. ಜಾಹೀರಾತು ಮುಗಿದ ಮೇಲೆ ಅದೇ ಆಘಾತವನ್ನು ಇನ್ನೊಮ್ಮೆ ಹೇಳುತ್ತಾರೆ. ಕೊನೆಗೆ ಬಾಗಿಲು ತೆರೆಯುತ್ತದೆ, ಕಣ್ಣೀರು ಹರಿಯುತ್ತದೆ, ಬಿಳಿ ಗೋಡೆ, ಬೂದು ಸೋಫಾ, ನಡುವೆ ಕಲ್ಲಿನ ಮೇಲ್ಮೈಯ ಉದ್ದನೆಯ ಕಟ್ಟೆ. ಜಾಹೀರಾತು ಕಳೆದರೆ ಸುಮಾರು ನಲವತ್ತೆರಡು ನಿಮಿಷ.

ಈ ಕಾರ್ಯಕ್ರಮಗಳ ತವರಾದ ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ನೋಡುಗರ ಸಿಟ್ಟು ಬಹಳ ದಿನಗಳಿಂದ ಬೆಳೆಯುತ್ತಿದೆ. ದೂರುಗಳೂ ಬಹುತೇಕ ಒಂದೇ ಬಗೆಯವು. ಎಲ್ಲ ಮನೆಗಳೂ ಒಂದೇ ತರಹ ಕಾಣುತ್ತವೆ. ಹೇಳುವ ಬಜೆಟ್ಟಿಗೂ ಮಾರುಕಟ್ಟೆಯ ದರಕ್ಕೂ ಸಂಬಂಧವಿಲ್ಲ. ನಿರೂಪಕರ ಜಗಳ, ಆತಂಕಗಳೆಲ್ಲ ಬರೆದುಕೊಟ್ಟ ಮಾತಿನಂತೆ ಕೇಳುತ್ತವೆ. ಕೆಲಸ ಹೇಗಾಯಿತು ಎಂದು ನೋಡಬೇಕೆಂದರೆ ಅದನ್ನೇ ಕತ್ತರಿಸಿ ಹಾಕಿರುತ್ತಾರೆ. ಬಿಡುವಿನ ಹೊತ್ತಿನ ಮನರಂಜನೆಯ ಮೇಲೆ ಇಷ್ಟೊಂದು ತಕರಾರೇಕೆ ಎಂದು ಕೇಳುವವರಿದ್ದಾರೆ. ಆದರೆ ಈ ದೂರುಗಳನ್ನು ಒಟ್ಟಿಗಿಟ್ಟು ನೋಡಿದರೆ ಅವುಗಳ ಬೇರು ಒಂದೇ ಎಂಬುದು ತಿಳಿಯುತ್ತದೆ. ಮನೆ ಎಂದರೆ ಹಣ, ಕಾಲ, ದುಡಿಮೆ, ಕಾನೂನು. ಈ ಕಾರ್ಯಕ್ರಮಗಳು ನಾಲ್ಕನ್ನೂ ಮರೆಮಾಡಿ ಕೊನೆಯ ಹೊಳಪನ್ನು ಮಾತ್ರ ಮಾರುತ್ತಿವೆ. ನೋಡುಗ ಕೇಳುತ್ತಿರುವುದು ಸತ್ಯವನ್ನು, ಮತ್ತು ಹಾಗೆ ಕೇಳುವ ಹಕ್ಕು ಅವನಿಗಿದೆ.

ಈ ಪ್ರಕಾರ ಹುಟ್ಟಿದಾಗ ಹೀಗಿರಲಿಲ್ಲ. 1979ರಲ್ಲಿ ಅಮೆರಿಕದ ಬಾಸ್ಟನ್ನಿನ ಸಾರ್ವಜನಿಕ ಟಿವಿ ಕೇಂದ್ರವೊಂದು ‘ದಿಸ್ ಓಲ್ಡ್ ಹೌಸ್’ ಎಂಬ ಸರಣಿ ಆರಂಭಿಸಿತು. ರಸೆಲ್ ಮೊರಾಶ್ ಅದರ ರೂವಾರಿ, ಬಾಬ್ ವಿಲಾ ನಿರೂಪಕ, ನಾರ್ಮ್ ಏಬ್ರಮ್ ಬಡಗಿ. ಅದೇ ಊರಿನ ಡಾರ್ಚೆಸ್ಟರ್ ಬಡಾವಣೆಯ ಒಂದು ಹಳೆಯ ಮನೆಯನ್ನು ಹಿಡಿದು, ಒಂದು ಸರಣಿಯುದ್ದಕ್ಕೂ ವಾರವಾರವೂ ಅದರ ಕೆಲಸವನ್ನೇ ತೋರಿಸಿದರು. ಕೊಳವೆ ಹೇಗೆ ಬೆಸೆಯಬೇಕು, ಕೊಳೆತ ತೊಲೆಯನ್ನು ಹೇಗೆ ಬದಲಿಸಬೇಕು, ಚಾವಣಿ ಸೋರುವುದು ಯಾಕೆ ಎಂಬುದೇ ಅಲ್ಲಿನ ಕಥೆ. ನಾರ್ಮ್ ಏಬ್ರಮ್ ಮರದ ಮೇಲೆ ಗೆರೆ ಎಳೆಯುವುದನ್ನು ಜನ ಕಣ್ಣು ಕೀಳದೆ ನೋಡಿದರು. ಕೆಲಸಗಾರನೇ ಟಿವಿಯ ನಾಯಕನಾಗಬಲ್ಲ ಎಂದು ತೋರಿಸಿದ ಆ ಸರಣಿ ಇಂದಿಗೂ ನಡೆಯುತ್ತಿದೆ.

ದಾರಿ ಕವಲೊಡೆದದ್ದು ತೊಂಬತ್ತರ ದಶಕದಲ್ಲಿ. 1994ರ ಕೊನೆಯಲ್ಲಿ ಮನೆ ಮತ್ತು ತೋಟಕ್ಕೇ ಮೀಸಲಾದ ಎಚ್‌ಜಿಟಿವಿ ವಾಹಿನಿ ಅಮೆರಿಕದಲ್ಲಿ ಆರಂಭವಾಯಿತು. 1996ರಲ್ಲಿ ಬ್ರಿಟನ್ನಿನ ಬಿಬಿಸಿ ‘ಚೇಂಜಿಂಗ್ ರೂಮ್ಸ್’ ತಂದಿತು. ನೆರೆಹೊರೆಯವರು ಒಬ್ಬರ ಕೋಣೆಯನ್ನು ಇನ್ನೊಬ್ಬರು ಬದಲಿಸಿಕೊಡುವ ಆಟ ಅದು. 2000ದಲ್ಲಿ ಅದರ ಅಮೆರಿಕನ್ ರೂಪವಾಗಿ ‘ಟ್ರೇಡಿಂಗ್ ಸ್ಪೇಸಸ್’ ಬಂತು: ಎರಡು ದಿನ, ಸಾವಿರ ಡಾಲರ್, ಒಂದು ಕೋಣೆ. ಇಲ್ಲಿಂದ ಮುಂದೆ ಕೆಲಸ ಹಿನ್ನೆಲೆಗೆ ಸರಿದು, ಬಾಗಿಲು ತೆರೆದಾಗ ಮನೆಯವರ ಮುಖ ಹೇಗಾಗುತ್ತದೆ ಎಂಬುದೇ ಮುಖ್ಯವಾಯಿತು. ಆಘಾತವೂ ಒಳ್ಳೆಯ ಟಿವಿ ಎಂದು ನಿರ್ಮಾಪಕರು ಕಂಡುಕೊಂಡರು. ಅಮೆರಿಕದ ಒಬ್ಬ ವಿನ್ಯಾಸಕಿ ಗೋಡೆಗೆ ಒಣಹುಲ್ಲು ಅಂಟಿಸಿದರು. ಬ್ರಿಟನ್ನಿನ ಸರಣಿಯಲ್ಲಿ ಒಬ್ಬ ಮಹಿಳೆ ವರ್ಷಗಟ್ಟಲೆ ಸಂಗ್ರಹಿಸಿದ್ದ ಟೀ ಪಾಟುಗಳನ್ನು ತೂಗುಕಪಾಟಿನಲ್ಲಿ ಜೋಡಿಸಿಟ್ಟರು. ಭಾರ ತಾಳದೆ ಕಪಾಟು ಕುಸಿದು ಪಾಟುಗಳು ಪುಡಿಯಾದವು. ಕಪಾಟು ಎಷ್ಟು ಭಾರ ತಾಳುತ್ತದೆ ಎಂಬುದು ಬಡಗಿ ಮೊದಲು ಕೇಳುವ ಪ್ರಶ್ನೆ. ಆ ಪ್ರಶ್ನೆಗೆ ಪುರುಸೊತ್ತಿಲ್ಲದ ಗಡುವನ್ನು ಹಾಕಿದ್ದು ಟಿವಿ.

ಹಣದ ಲೆಕ್ಕದಿಂದ ಶುರುಮಾಡೋಣ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಎಚ್ಚರಿಕೆಯ ಮಾತು. ಕೈಗೆ ಬಂದ ಲೆಕ್ಕ ಕೈ ಮೀರುತ್ತದೆ, ಅದಕ್ಕೆ ಸಿದ್ಧನಿದ್ದರೆ ಮಾತ್ರ ಇಳಿ ಎಂಬ ಅನುಭವ ಅದರಲ್ಲಿದೆ. ಟಿವಿ ಈ ಎಚ್ಚರಿಕೆಯನ್ನೇ ತೆಗೆದುಹಾಕಿದೆ. ಪರದೆಯ ಮೇಲೆ ಒಂದು ಅಂಕಿ ಮೂಡುತ್ತದೆ. ಅದರಲ್ಲಿ ಕೂಲಿ ಸೇರಿದೆಯೇ? ವಿನ್ಯಾಸಕರ ಶುಲ್ಕ? ಪರವಾನಗಿ ಶುಲ್ಕ? ಪ್ರಚಾರಕ್ಕೋಸ್ಕರ ಕಂಪನಿಗಳು ಅಗ್ಗಕ್ಕೆ ಕೊಟ್ಟ ಟೈಲ್ಸು, ಒಲೆ, ಫ್ರಿಜ್ಜು? ಕೊನೆಯ ದೃಶ್ಯದಲ್ಲಿ ಕಣ್ಣು ಸೆಳೆಯುವ ಪೀಠೋಪಕರಣಗಳು ಎಷ್ಟೋ ಸರಣಿಗಳಲ್ಲಿ ಚಿತ್ರೀಕರಣಕ್ಕೆಂದೇ ತಂದವು. ಮನೆಯವರು ಬೇರೆ ದುಡ್ಡು ಕೊಟ್ಟು ಕೊಳ್ಳದಿದ್ದರೆ ಅವು ಬಂದ ಲಾರಿಯಲ್ಲೇ ಹಿಂದಿರುಗುತ್ತವೆ. ನೋಡುಗನಿಗೆ ಇದನ್ನು ಯಾರೂ ಹೇಳುವುದಿಲ್ಲ. ಅವನು ಅದೇ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಂಡು ತನ್ನೂರಿನ ಗುತ್ತಿಗೆದಾರನ ಮುಂದೆ ಕೂರುತ್ತಾನೆ, ಆ ಗುತ್ತಿಗೆದಾರ ಹೇಳಿದ ನ್ಯಾಯವಾದ ದರ ಕೇಳಿ ಮೋಸ ಎಂದುಕೊಳ್ಳುತ್ತಾನೆ. ಟಿವಿಯ ಸುಳ್ಳು ಲೆಕ್ಕದ ಸಾಲ ಪ್ರಾಮಾಣಿಕ ಕೆಲಸಗಾರನ ತಲೆಯ ಮೇಲೆ ಬೀಳುತ್ತದೆ.

ಕೆಲವೊಮ್ಮೆ ಕಥೆಯೇ ಕಟ್ಟಿದ್ದಾಗಿರುತ್ತದೆ. ಒಂದು ಕುಟುಂಬ ಮೂರು ಮನೆ ನೋಡಿ ಒಂದನ್ನು ಆರಿಸಿಕೊಳ್ಳುವುದು ಎಚ್‌ಜಿಟಿವಿಯ ‘ಹೌಸ್ ಹಂಟರ್ಸ್’ ಸರಣಿಯ ಚೌಕಟ್ಟು. ಚಿತ್ರೀಕರಣಕ್ಕೆ ಮೊದಲೇ ತಾವು ಮನೆ ಕೊಂಡಾಗಿತ್ತು, ಉಳಿದ ಮನೆಗಳು ಮಾರಾಟಕ್ಕೇ ಇರಲಿಲ್ಲ, ಅವು ಸ್ನೇಹಿತರ ಮನೆಗಳು ಎಂದು ಭಾಗವಹಿಸಿದವರೊಬ್ಬರು 2012ರಲ್ಲಿ ಬಹಿರಂಗಪಡಿಸಿದರು. ಮನೆ ಕೊಳ್ಳುವ ಪ್ರಕ್ರಿಯೆಯಲ್ಲಿ ಮುಂದೆ ಹೋಗಿರುವ ಕುಟುಂಬಗಳನ್ನೇ ಹುಡುಕಿಕೊಳ್ಳುತ್ತೇವೆ ಎಂದು ವಾಹಿನಿಯೂ ಆಗ ಒಪ್ಪಿಕೊಂಡಿತು. ಸರಣಿ ನಿಲ್ಲಲಿಲ್ಲ, ಜನ ನೋಡುವುದನ್ನೂ ಬಿಡಲಿಲ್ಲ. ಆದರೆ ಒಂದು ನಂಬಿಕೆ ಒಡೆಯಿತು. ಆ ಕಂಪ್ಯೂಟರ್ ಚಿತ್ರ, ಆ ಆಘಾತ, ಆ ಕಣ್ಣೀರು ಎಷ್ಟು ನಿಜ ಎಂಬ ಅನುಮಾನ ಅಂದಿನಿಂದ ಪ್ರತಿ ಕಂತಿನ ಜೊತೆಗೂ ಬರುತ್ತದೆ.

ಒಳ್ಳೆಯ ಉದ್ದೇಶದಿಂದ ಹೊರಟ ಕಾರ್ಯಕ್ರಮಗಳೂ ಈ ದೋಷದಿಂದ ಪಾರಾಗಲಿಲ್ಲ. 2003ರಿಂದ 2012ರವರೆಗೆ ಅಮೆರಿಕದ ಎಬಿಸಿ ವಾಹಿನಿಯಲ್ಲಿ ನಡೆದ ‘ಎಕ್ಸ್‌ಟ್ರೀಮ್ ಮೇಕ್‌ಓವರ್: ಹೋಮ್ ಎಡಿಷನ್’ ಕಷ್ಟದಲ್ಲಿದ್ದ ಕುಟುಂಬಗಳಿಗೆ ಒಂದೇ ವಾರದಲ್ಲಿ ಮನೆ ಕಟ್ಟಿಕೊಡುತ್ತಿತ್ತು. ನೂರಾರು ಸ್ವಯಂಸೇವಕರು ಹಗಲಿರುಳು ದುಡಿಯುತ್ತಿದ್ದರು. ಮನೆಗೆ ಅಡ್ಡವಾಗಿ ನಿಲ್ಲಿಸಿದ ಬಸ್ಸು ಸರಿಯುತ್ತಿದ್ದಂತೆ ಅರಮನೆಯಂಥ ಮನೆ ಕಾಣುತ್ತಿತ್ತು. ಆ ಜನರ ಕರುಣೆ ಸುಳ್ಳಲ್ಲ. ಆದರೆ ಕ್ಯಾಮೆರಾ ಹೊರಟುಹೋದ ಮೇಲೆ ದೊಡ್ಡ ಮನೆಯ ಆಸ್ತಿ ತೆರಿಗೆ, ವಿದ್ಯುತ್ ಬಿಲ್ಲು, ನಿರ್ವಹಣೆಗಳು ಮೊದಲೇ ಬಡವರಾಗಿದ್ದ ಕೆಲವು ಕುಟುಂಬಗಳ ಹೆಗಲೇರಿದವು. ಜಾರ್ಜಿಯಾ ರಾಜ್ಯದ ಒಂದು ಕುಟುಂಬ ಆ ಮನೆಯನ್ನೇ ಅಡವಿಟ್ಟು ವ್ಯಾಪಾರಕ್ಕೆ ಸಾಲ ತೆಗೆಯಿತು. ವ್ಯಾಪಾರ ಮುಳುಗಿ, 2008ರಲ್ಲಿ ಮನೆ ಹರಾಜಿನ ಅಂಚಿಗೆ ಬಂತು. ಆ ಕುಟುಂಬಗಳಿಗೆ ಬೇಕಿದ್ದದ್ದು ಸೋರದ ಚಾವಣಿ, ಗಾಲಿಕುರ್ಚಿ ನುಗ್ಗುವ ಬಾಗಿಲು, ತೀರಿಸಬಲ್ಲ ಬಿಲ್ಲು. ಟಿವಿಗೆ ಬೇಕಿದ್ದದ್ದು ಬಸ್ಸು ಸರಿದಾಗ ಬಾಯಿ ಬಿಟ್ಟು ನೋಡುವಂಥ ಗಾತ್ರ.

ಹಣದ ಮರೆಮಾಚುವಿಕೆಗಿಂತ ಗಂಭೀರವಾದದ್ದು ಅಪಾಯದ ಮರೆಮಾಚುವಿಕೆ. ಅಮೆರಿಕದಲ್ಲಿ ಮನೆಗಳಿಗೆ ಸೀಸದ ಬಣ್ಣ ಬಳಿಯುವುದನ್ನು 1978ರಲ್ಲಿ ನಿಷೇಧಿಸಲಾಯಿತು. ಅದಕ್ಕೂ ಹಿಂದಿನ ಮನೆಗಳಲ್ಲಿ ಗೋಡೆ ಒಡೆದರೆ, ಕಿಟಕಿ ಉಜ್ಜಿದರೆ ಸೀಸದ ಧೂಳು ಏಳುತ್ತದೆ. ಮಕ್ಕಳ ಮಿದುಳಿಗೆ ಅದು ಮಾಡುವ ಹಾನಿಯನ್ನು ಮತ್ತೆ ಸರಿಪಡಿಸಲಾಗದು. ಇಷ್ಟು ಪ್ರಮಾಣದವರೆಗೆ ಸುರಕ್ಷಿತ ಎನ್ನುವ ಮಿತಿಯೇ ಅದಕ್ಕಿಲ್ಲ. ಹೀಗಾಗಿ ಇಂಥ ಮನೆಗಳಲ್ಲಿ ಬಣ್ಣ ಕೆದಕುವ ಕೆಲಸಕ್ಕೆ ಪ್ರಮಾಣಪತ್ರ ಪಡೆದ ಸಂಸ್ಥೆಯೇ ಬೇಕು, ಧೂಳು ಹರಡದಂತೆ ಪ್ಲಾಸ್ಟಿಕ್ ಹೊದಿಸಿ ಜಾಗವನ್ನು ಮುಚ್ಚಬೇಕು ಎಂಬ ನಿಯಮ 2010ರಿಂದ ಜಾರಿಯಲ್ಲಿದೆ. ಟಿವಿಯಲ್ಲಿ ಕಂಡದ್ದೇನು? ಟೆಕ್ಸಾಸಿನ ವೇಕೋ ಊರಿನಲ್ಲಿ ಚಿಪ್ ಮತ್ತು ಜೊಆನಾ ಗೇನ್ಸ್ ದಂಪತಿ ನಡೆಸಿಕೊಟ್ಟ ‘ಫಿಕ್ಸರ್ ಅಪ್ಪರ್’ 2013ರಿಂದ ಐದು ವರ್ಷ ಅತ್ಯಂತ ಜನಪ್ರಿಯವಾಗಿತ್ತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಧಿಕಾರಿಗಳು ಆ ಸರಣಿಯ ದೃಶ್ಯಗಳನ್ನೇ ಕೂತು ನೋಡಿದರು. ಸೀಸದ ಧೂಳು ತಡೆಯುವ ಕ್ರಮಗಳು ಅವುಗಳಲ್ಲಿ ಕಾಣಲಿಲ್ಲ. ದಂಪತಿಯ ಕಂಪನಿ 33 ಮನೆಗಳ ಕೆಲಸದಲ್ಲಿ ನಿಯಮ ಮೀರಿದೆ ಎಂಬ ಆರೋಪ ಬಂತು. 2018ರಲ್ಲಿ ಕಂಪನಿ 40,000 ಡಾಲರ್ ದಂಡ ಕಟ್ಟಲು, ವೇಕೋದ ಮನೆಗಳಲ್ಲಿ ಸೀಸದ ಅಪಾಯ ನಿವಾರಿಸಲು 1,60,000 ಡಾಲರ್ ವೆಚ್ಚ ಮಾಡಲು, ಮುಂದೆ ನಿಯಮ ಪಾಲಿಸಲು ಮತ್ತು ನೋಡುಗರಿಗೆ ಈ ಬಗ್ಗೆ ತಿಳಿವಳಿಕೆ ನೀಡಲು ಒಪ್ಪಿತು. ಆ ಒಪ್ಪಂದ ಬರುವ ಹೊತ್ತಿಗೆ ಎಷ್ಟು ಮನೆಗಳಲ್ಲಿ ಎಷ್ಟು ಅಪ್ಪಂದಿರು ಮಕ್ಕಳ ಕೈಗೆ ಸುತ್ತಿಗೆ ಕೊಟ್ಟು ಹಳೆಯ ಗೋಡೆ ಒಡೆಸಿದ್ದರೋ ಯಾರಿಗೆ ಗೊತ್ತು? ಗೋಡೆ ಒಡೆಯುವುದು ಹಬ್ಬ ಎಂದು ಅವರಿಗೆ ಕಲಿಸಿದ್ದು ಈ ಪರದೆಯೇ.

ಪರವಾನಗಿಯ ಕಥೆಯೂ ಹೀಗೆಯೇ. ಶಿಕಾಗೋದ ಹಳೆಯ ಮನೆಗಳನ್ನು ಕೊಂಡು ದುರಸ್ತಿ ಮಾಡಿ ಮಾರುವ ‘ವಿಂಡಿ ಸಿಟಿ ರಿಹ್ಯಾಬ್’ 2019ರಲ್ಲಿ ಪ್ರಸಾರವಾಗುತ್ತಿದ್ದಾಗಲೇ ನಗರದ ಕಟ್ಟಡ ಇಲಾಖೆ ಅದರ ಹಲವು ನಿವೇಶನಗಳಲ್ಲಿ ಕೆಲಸ ನಿಲ್ಲಿಸುವ ಆದೇಶ ಹೊರಡಿಸಿತು. ಪರವಾನಗಿ, ತಪಾಸಣೆ, ರಚನಾ ಎಂಜಿನಿಯರ್ ಇವೆಲ್ಲ ನೋಡಲು ಬೇಸರದ ಸಂಗತಿಗಳು ಎಂದು ನಿರ್ಮಾಪಕರು ತೀರ್ಮಾನಿಸಿಬಿಟ್ಟಿದ್ದಾರೆ. ಭಾರ ಹೊತ್ತ ಗೋಡೆಯನ್ನು ತೆಗೆಯುವಾಗ ಮೇಲ್ಮಹಡಿ ಕುಸಿಯದಂತೆ ಕಾಯುವುದು ಆ ಬೇಸರದ ಕಾಗದಗಳೇ.

ಇನ್ನು ಕಾಣದ ಕೈಗಳು. ಪ್ರತಿ ಕಂತಿನ ಕೊನೆಯಲ್ಲೂ ಹೊಳೆಯುವ ಆ ಅಡುಗೆಕಟ್ಟೆಗಳಲ್ಲಿ ಬಹಳಷ್ಟು ಕ್ವಾರ್ಟ್ಜ್ ಎಂದು ಕರೆಯುವ ಕೃತಕ ಕಲ್ಲಿನವು. ಕಲ್ಲಿನ ಪುಡಿಯನ್ನು ರಾಳದಲ್ಲಿ ಬೆಸೆದು ಮಾಡುವ ಈ ಹಾಸಿನಲ್ಲಿ ಸ್ಫಟಿಕರೂಪದ ಸಿಲಿಕಾ ಪ್ರಮಾಣ ಶೇ 90ನ್ನು ಮೀರುವುದುಂಟು. ಗ್ರಾನೈಟಿನಲ್ಲಿ ಸಾಮಾನ್ಯವಾಗಿ ಅದರ ಅರ್ಧದಷ್ಟೂ ಇರುವುದಿಲ್ಲ. ಈ ಹಾಸನ್ನು ಒಣದಾಗಿ ಕೊಯ್ಯುವಾಗ, ಉಜ್ಜುವಾಗ ಏಳುವ ಸೂಕ್ಷ್ಮ ಧೂಳು ಶ್ವಾಸಕೋಶದಲ್ಲಿ ಗಾಯವಾಗಿ ನಿಂತುಬಿಡುತ್ತದೆ. ಸಿಲಿಕೋಸಿಸ್ ಎಂಬ ಈ ರೋಗಕ್ಕೆ ಮದ್ದಿಲ್ಲ. ಕಲ್ಲು ಕೊಯ್ಯುವ ಯುವ ಕಾರ್ಮಿಕರು ಒಬ್ಬೊಬ್ಬರಾಗಿ ಈ ರೋಗಕ್ಕೆ ಸಿಕ್ಕಿದ ಮೇಲೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಕೃತಕ ಕಲ್ಲನ್ನು ನಿಷೇಧಿಸಿತು. ಹಾಗೆ ಮಾಡಿದ ಮೊದಲ ದೇಶ ಅದು. ಕ್ಯಾಲಿಫೋರ್ನಿಯಾ 2023ರ ಡಿಸೆಂಬರಿನಲ್ಲಿ ತುರ್ತು ನಿಯಮ ತಂದಿತು. ಅಲ್ಲಿ ರೋಗಕ್ಕೆ ಬಲಿಯಾದವರಲ್ಲಿ ಹೆಚ್ಚಿನವರು ಲ್ಯಾಟಿನ್ ಅಮೆರಿಕದಿಂದ ದುಡಿಯಲು ಬಂದವರು. ಅಮೆರಿಕಕ್ಕೆ ಈ ಕಲ್ಲಿನ ಹಾಸು ಕಳಿಸುವ ದೇಶಗಳ ಮುಂಚೂಣಿಯಲ್ಲಿ ಭಾರತವೂ ಇದೆ. ಆದ್ದರಿಂದ ಇದು ದೂರದವರ ಸಂಕಟ ಎಂದು ನಾವು ಸುಮ್ಮನಿರುವಂತಿಲ್ಲ. ಆ ಕಟ್ಟೆಯ ಮೇಲೆ ಕೈಯಾಡಿಸಿ ಆಹಾ ಎನ್ನುವುದನ್ನು ಟಿವಿ ನೂರು ಬಾರಿ ತೋರಿಸಿದೆ. ಅದನ್ನು ಕೊಯ್ದವನ ಮುಖವನ್ನು ತೋರಿಸಿದ್ದು ಅಪರೂಪ. ಅಡುಗೆಯ ಕಾರ್ಯಕ್ರಮದಲ್ಲಿ ಒಲೆಯನ್ನೂ ಅಡುಗೆಯವರನ್ನೂ ತೋರಿಸದೆ ಬರೀ ಬಡಿಸಿದ ಎಲೆ ತೋರಿಸಿದಂತೆ ಇದು.

ಒಡೆದ ವಸ್ತುಗಳ ಪಾಡೇನು? ಗಟ್ಟಿಮುಟ್ಟಾದ ಓಕ್ ಮರದ ಕಪಾಟುಗಳು, ಇನ್ನೂ ಕಾಲು ಶತಮಾನ ಬಾಳಬಲ್ಲ ಸಿಂಕುಗಳು ಸುತ್ತಿಗೆಯ ಏಟಿಗೆ ಪುಡಿಯಾಗುವುದನ್ನು ನೋಡಿ ಎಷ್ಟೋ ಜನ ಸಂಕಟಪಡುತ್ತಾರೆ. ಆ ಸಂಕಟಕ್ಕೆ ಆಧಾರವಿದೆ. ರಸ್ತೆ, ಸೇತುವೆಗಳನ್ನೂ ಸೇರಿಸಿ 2018ರಲ್ಲಿ ಅಮೆರಿಕದಲ್ಲಿ ಉತ್ಪತ್ತಿಯಾದ ನಿರ್ಮಾಣ ಮತ್ತು ಕೆಡವುವಿಕೆಯ ತ್ಯಾಜ್ಯ 60 ಕೋಟಿ ಟನ್. ಊರುಗಳ ದಿನನಿತ್ಯದ ಕಸದ ಎರಡು ಪಟ್ಟಿಗಿಂತ ಹೆಚ್ಚು. ಅದರಲ್ಲಿ ಶೇ 90ಕ್ಕೂ ಮಿಗಿಲಾದ ಭಾಗ ಕೆಡವಿದ್ದರಿಂದ ಬಂದದ್ದು. ತಿರುಪು ಬಿಚ್ಚಿ ಕಪಾಟು ಇಳಿಸಿದರೆ ಅದು ಇನ್ನೊಬ್ಬರ ಮನೆ ಸೇರಬಹುದು. ಆದರೆ ತಿರುಪು ಬಿಚ್ಚುವುದರಲ್ಲಿ ರೋಚಕತೆ ಇಲ್ಲವೆಂದು ಟಿವಿ ಭಾವಿಸಿದೆ.

ಎಲ್ಲ ಮನೆಗಳೂ ಒಂದೇ ತರಹ ಕಾಣುತ್ತವೆ ಎಂಬ ದೂರು ಮೇಲ್ನೋಟಕ್ಕೆ ರುಚಿಯ ಮಾತು. ಆದರೆ ಅದರ ಹಿಂದೆ ವ್ಯಾಪಾರದ ತರ್ಕವಿದೆ. ಬಕ್ನೆಲ್ ವಿಶ್ವವಿದ್ಯಾಲಯದ ಅನೆಟಾ ಗ್ರಾಂಟ್ ಮತ್ತು ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದ ಜೇ ಹ್ಯಾಂಡಲ್‌ಮನ್ ಮನೆ ನವೀಕರಿಸುತ್ತಿದ್ದವರನ್ನು ಮಾತನಾಡಿಸಿ ಅಧ್ಯಯನ ಮಾಡಿದ್ದಾರೆ. ಈ ಬಗೆಯ ಕಾರ್ಯಕ್ರಮಗಳ, ಪತ್ರಿಕೆಗಳ ಪ್ರಭಾವದಲ್ಲಿ ಜನ ತಮ್ಮ ಮನೆಯನ್ನು ತಮ್ಮ ಕಣ್ಣಿನಿಂದ ನೋಡುವುದನ್ನು ಬಿಟ್ಟು ಮಾರುಕಟ್ಟೆಯ ಕಣ್ಣಿನಿಂದ ನೋಡತೊಡಗುತ್ತಾರೆ ಎಂಬುದು ಅವರು ಕಂಡುಕೊಂಡ ಸಂಗತಿ. ಮುಂದೆ ಯಾರೋ ಕೊಳ್ಳುವವನಿಗೆ ಇಷ್ಟವಾಗದೇ ಹೋದೀತು ಎಂದು ತಮಗಿಷ್ಟವಾದ ಬಣ್ಣ ಬಿಟ್ಟು ಬೂದು ಬಳಿಯುತ್ತಾರೆ. ತಮ್ಮ ಮನೆಯಲ್ಲೇ ತಾವು ನೆಮ್ಮದಿ ಕಳೆದುಕೊಳ್ಳುತ್ತಾರೆ. ಬೂದು ಬಣ್ಣ ಯಾರ ಆಸೆಯೂ ಅಲ್ಲ, ಯಾರೂ ಬೇಡವೆನ್ನದ ಬಣ್ಣ ಅಷ್ಟೆ. ಅಜ್ಜಿ ಕೂರುತ್ತಿದ್ದ ಮೂಲೆ, ಮಕ್ಕಳ ಎತ್ತರ ಗುರುತಿಸಿದ ಬಾಗಿಲ ಚೌಕಟ್ಟು ಮಾರಾಟದ ಲೆಕ್ಕದಲ್ಲಿ ಶೂನ್ಯ. ಮನೆ ಬಾಳುವ ಜಾಗವೋ, ಮುಂದಿನ ಗಿರಾಕಿಗಾಗಿ ಕಾದಿರುವ ಸರಕೋ ಎಂಬ ಪ್ರಶ್ನೆಗೆ ಈ ಕಾರ್ಯಕ್ರಮಗಳು ಎರಡನೆಯ ಉತ್ತರವನ್ನು ಪ್ರತಿ ಕಂತಿನಲ್ಲೂ ಕೊಡುತ್ತವೆ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೂ ಈ ಕಣ್ಣು ಬಂದಿದೆ. 45 ದಿನಗಳಲ್ಲಿ ಇಂಟೀರಿಯರ್ ಮುಗಿಸಿಕೊಡುತ್ತೇವೆ ಎಂಬ ಜಾಹೀರಾತು, ಕೆಲಸಕ್ಕೆ ಮುನ್ನ ತೋರಿಸುವ ಮಿರುಗುವ ಕಂಪ್ಯೂಟರ್ ಚಿತ್ರ, ಗೋಡೆ ತೆಗೆದು ಹಾಲಿಗೆ ಸೇರಿಸಿದ ಓಪನ್ ಕಿಚನ್ ಎಲ್ಲವೂ ಅದೇ ಪಡಿಯಚ್ಚು. ದಿನಕ್ಕೆ ಎರಡು ಹೊತ್ತು ಒಗ್ಗರಣೆ ಸಿಡಿಯುವ, ಮೆಣಸಿನಕಾಯಿ ಹುರಿಯುವ ಮನೆಗೆ ಅಡುಗೆಮನೆಯ ಬಾಗಿಲು ಏಕೆ ಬೇಕೆಂದು ಆ ಮನೆಯಲ್ಲಿ ಅಡುಗೆ ಮಾಡುವವರಿಗೆ ಗೊತ್ತು. ಅವರನ್ನು ಕೇಳಿ ನಕ್ಷೆ ಬರೆದಿದ್ದರೆ ಬಾಗಿಲು ಉಳಿಯುತ್ತಿತ್ತು.

ಇದೆಲ್ಲ ಮನರಂಜನೆ, ನೋಡುಗರಿಗೂ ಅದು ಗೊತ್ತು, ಅಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕಿಲ್ಲ ಎಂಬ ವಾದವನ್ನು ನಾನು ಹಗುರಾಗಿ ತಳ್ಳಿಹಾಕುವುದಿಲ್ಲ. ಈ ಕಾರ್ಯಕ್ರಮಗಳು ಒಳ್ಳೆಯದನ್ನೂ ಮಾಡಿವೆ. ಗರಗಸ, ಡ್ರಿಲ್ ಹಿಡಿದ ಹೆಂಗಸರನ್ನು ಸಹಜವೆಂಬಂತೆ ತೋರಿಸಿವೆ. ಕೆಡವಿಬಿಡುತ್ತಿದ್ದ ಹಳೆಯ ಮನೆಗಳಲ್ಲಿ ಸೊಗಸಿದೆ ಎಂದು ಜನರ ಕಣ್ಣು ತೆರೆಸಿವೆ. ದಣಿದ ಸಂಜೆಯಲ್ಲಿ ಕೊಳಕು ಕೋಣೆ ಚೆಂದವಾಗುವುದನ್ನು ನೋಡುವ ಸುಖವೂ ಸಣ್ಣದಲ್ಲ. ಆದರೆ ಪತ್ತೇದಾರಿ ಧಾರಾವಾಹಿ ನೋಡಿ ಯಾರೂ ಕೊಲೆಯ ತನಿಖೆಗೆ ಇಳಿಯುವುದಿಲ್ಲ. ಮನೆಯ ಕಾರ್ಯಕ್ರಮ ನೋಡಿದವರು ಸಾಲ ತೆಗೆದು ತಮ್ಮ ಮನೆಯ ಗೋಡೆ ಒಡೆಯುತ್ತಾರೆ, ಹಾಗೆ ಒಡೆಯಲಿ ಎಂದೇ ಬಣ್ಣದ, ಟೈಲ್ಸಿನ, ಸಾಲದ ಜಾಹೀರಾತುಗಳು ನಡುನಡುವೆ ಬರುತ್ತವೆ. ಖರ್ಚು ಮಾಡಿಸುವಾಗ ಇದು ಮಾಹಿತಿ, ಪ್ರಶ್ನೆ ಕೇಳಿದಾಗ ಬರೀ ಮನರಂಜನೆ ಎನ್ನುವುದು ನ್ಯಾಯವಲ್ಲ.

ಸತ್ಯ ಹೇಳಿದರೆ ಜನ ನೋಡುವುದಿಲ್ಲ ಎಂಬ ಭಯಕ್ಕೂ ಆಧಾರವಿಲ್ಲ. ಬ್ರಿಟನ್ನಿನ ಚಾನೆಲ್ 4ರಲ್ಲಿ 1999ರಿಂದ ಕೆವಿನ್ ಮೆಕ್ಲೌಡ್ ನಡೆಸಿಕೊಡುತ್ತಿರುವ ‘ಗ್ರ್ಯಾಂಡ್ ಡಿಸೈನ್ಸ್’ ಒಂದೊಂದು ಮನೆಯನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಹಿಂಬಾಲಿಸುತ್ತದೆ. ಮಳೆಗೆ ಕೆಲಸ ನಿಲ್ಲುತ್ತದೆ, ಹಣ ಮುಗಿಯುತ್ತದೆ, ಗಾಜು ತಪ್ಪು ಅಳತೆಯಲ್ಲಿ ಬರುತ್ತದೆ, ಎಲ್ಲವನ್ನೂ ತೋರಿಸುತ್ತಾರೆ. ಉತ್ತರ ಡೆವನ್ ಕರಾವಳಿಯ ಕ್ರೊಯಿಡ್ ಬಳಿ ದೀಪಸ್ತಂಭದ ಆಕಾರದ ಮನೆ ಕಟ್ಟಲು ಹೊರಟವರ ಕಂತು 2019ರಲ್ಲಿ ಪ್ರಸಾರವಾಯಿತು. ವರ್ಷಗಳ ದುಡಿಮೆ, ಬೆಟ್ಟದಷ್ಟು ಸಾಲದ ನಂತರವೂ ಕಂತು ಮುಗಿಯುವಾಗ ಅಲ್ಲಿ ನಿಂತಿದ್ದದ್ದು ಕಾಂಕ್ರೀಟಿನ ಅಸ್ಥಿಪಂಜರ ಮಾತ್ರ. ಆ ಸರಣಿಯ ಅತ್ಯಂತ ದುಃಖದ ಕಂತು ಎಂದು ಜನ ಅದನ್ನು ಕರೆದರು, ಆದರೆ ಮರೆಯಲಿಲ್ಲ. ಕೆನಡಾದ ಮೈಕ್ ಹೋಮ್ಸ್ ಇನ್ನೊಂದು ದಾರಿ ಹಿಡಿದರು. ಬೇರೆಯವರು ಕೆಡಿಸಿಟ್ಟ ಕೆಲಸದ ಗೋಡೆ ಬಿಚ್ಚಿ, ಎಲ್ಲಿ ಮೋಸವಾಗಿದೆ, ಸರಿಯಾಗಿ ಹೇಗೆ ಮಾಡಬೇಕು ಎಂದು ತೋರಿಸಿದರು. ಅವರಿಗೂ ಅಪಾರ ಅಭಿಮಾನಿಗಳು ಸಿಕ್ಕರು. ಕೆಲಸದಲ್ಲೇ ಕಥೆಯಿದೆ. ಅದನ್ನು ನಂಬದ ನಿರ್ಮಾಪಕ ಮಾತ್ರ ಸುಳ್ಳು ಆಘಾತ ಸೃಷ್ಟಿಸಬೇಕಾಗುತ್ತದೆ.

ಹಾಗಾಗಿ ನೋಡುಗರು ಸ್ಪಷ್ಟವಾಗಿ ಕೆಲವನ್ನು ಕೇಳಬೇಕು. ಬಜೆಟ್ ಹೇಳುವುದಾದರೆ ಕೂಲಿ, ಸಾಮಾನು, ಶುಲ್ಕಗಳನ್ನು ಬಿಡಿಸಿ ಹೇಳಲಿ. ಉಚಿತವಾಗಿ ಅಥವಾ ರಿಯಾಯಿತಿಯಲ್ಲಿ ಬಂದದ್ದನ್ನು ಹಾಗೆಂದೇ ಪ್ರಕಟಿಸಲಿ. ಕೆಲಸ ನಿಜಕ್ಕೂ ಎಷ್ಟು ವಾರ ಹಿಡಿಯಿತು ಎಂಬುದು ಪರದೆಯ ಮೇಲೆ ಬರಲಿ. ಪರವಾನಗಿ ಪಡೆದದ್ದನ್ನೂ ಧೂಳು ತಡೆದದ್ದನ್ನೂ ತೋರಿಸದೆ ಗೋಡೆ ಒಡೆಯುವ ದೃಶ್ಯ ತೋರಿಸದಿರಲಿ. ಗಾರೆಯವರು, ಬಡಗಿಗಳು, ಕಲ್ಲು ಕೊಯ್ಯುವವರ ಹೆಸರು ನಿರೂಪಕರ ಹೆಸರಿನ ಜೊತೆಗೇ ಬರಲಿ. ಒಂದು ವರ್ಷದ ಬಳಿಕ ಅದೇ ಮನೆಗೆ ಹೋಗಿ, ಬಾಳುತ್ತಿರುವವರು ಏನನ್ನುತ್ತಾರೆ ಎಂದು ಕೇಳಲಿ. ಇದಾವುದಕ್ಕೂ ಹೆಚ್ಚಿನ ಖರ್ಚಿಲ್ಲ.

ಅಲ್ಲಿಯವರೆಗೆ ಓದುಗರಲ್ಲಿ ಒಂದು ಮಾತು. ಇಂಥ ಕಾರ್ಯಕ್ರಮ ನೋಡಿ ಮನೆಗೆ ಕೈಹಾಕುವ ಮನಸ್ಸಾದರೆ, ಈಚೆಗೆ ನಿಜವಾಗಿ ಮನೆ ಕೆಲಸ ಮಾಡಿಸಿದ ಒಬ್ಬರನ್ನು ಮತ್ತು ನಿಜವಾಗಿ ಕೆಲಸ ಮಾಡುವ ಒಬ್ಬ ಮೇಸ್ತ್ರಿಯನ್ನು ಮೊದಲು ಕೇಳಿ. ಆ ಮನೆಯಲ್ಲಿ ದಿನವಿಡೀ ಇರುವವರನ್ನು ಎಲ್ಲರಿಗಿಂತ ಮೊದಲು ಕೇಳಿ. ಅವರಿಗೆ ಬೇಡವಾದ ಗೋಡೆಯನ್ನಷ್ಟೇ ತೆಗೆಯಿರಿ.